ಕತ್ತರಿಗೆ ಬಿಟ್ಟ ಜಾಗ

ನಾನು ಬೆಟ್ಟ, ಕಾಡುಗಳ ಫೋಟೋ ತೆಗೆಯುವವಳು. ಕ್ಯಾಲೆಂಡರ್ ಮಾಡುವವರೊಬ್ಬರಿಗೆ ವರ್ಷಕ್ಕೆ ಹನ್ನೆರಡು ಚಿತ್ರ ಕೊಡಬೇಕು. ಒಂದರಲ್ಲೂ ಮನುಷ್ಯರು ಕಾಣಬಾರದು ಎನ್ನುವುದು ಅವರ ಷರತ್ತು. ನನಗೂ ಅಷ್ಟೇ ಬೇಕಾಗಿತ್ತು. ಹಾಗಾಗಿ ಬಸ್ಸು, ಜೀಪು, ಗತಿಯಿಲ್ಲದಿದ್ದರೆ ದಿಮ್ಮಿ ತುಂಬಿದ ಲಾರಿ, ಸಿಕ್ಕಿದ್ದನ್ನು ಹತ್ತಿ ಒಬ್ಬಳೇ ತಿರುಗುತ್ತೇನೆ. ಕಾಡಿನ ಊರುಗಳಲ್ಲಿ ಲಾಡ್ಜಿನ ಗೋಡೆ ಬೆವರುತ್ತದೆ. ಬೆಟ್ಟದ ಊರುಗಳಲ್ಲಿ ಹಾಸಿಗೆಯೇ ಒದ್ದೆ. ಎರಡೂ ಕಡೆ ಎದುರಾಗುವ ಪ್ರಶ್ನೆ ಮಾತ್ರ ಒಂದೇ: "ಒಬ್ಬರೇನಾ?"

"ಹೌದು. ಇನ್ನೊಬ್ಬರಿಗೆ ಸೀಟು ಸಿಗಲಿಲ್ಲ" ಎನ್ನುತ್ತೇನೆ. ಕೆಲವರು ಅಯ್ಯೋ ಪಾಪ ಎಂದು ಮರುಗುತ್ತಾರೆ.

ಆ ಸಲ ಬೆಟ್ಟದ ನೆತ್ತಿಯ ಊರೊಂದಕ್ಕೆ ಹೋದಾಗ ಬೆಟ್ಟವೇ ಕಾಣಲಿಲ್ಲ. ಮಂಜು ಇಳಿದು ಕೂತಿತ್ತು. ಎದುರಿನ ಅಂಗಡಿಯ ಬೋರ್ಡನ್ನು ಓದಬೇಕಾದರೆ ರಸ್ತೆ ದಾಟಬೇಕಿತ್ತು. ಲಾಡ್ಜಿನ ವರಾಂಡದಲ್ಲಿ ಲೆನ್ಸ್ ಒರೆಸುತ್ತಾ, ಮತ್ತೆ ಒರೆಸುತ್ತಾ ಕೂತಿದ್ದೆ. ಲಾಡ್ಜ್ ನಡೆಸುತ್ತಿದ್ದ ಯಜಮಾನಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ಸುಮ್ನೆ ಕೂತಿದೀರಲ್ಲ, ನಮ್ಮನೆ ಮಂದಿದೆಲ್ಲ ಒಂದು ಫೋಟೋ ತೆಗೀರಿ. ದೊಡ್ಡದು ಮಾಡ್ಸಿ ನಡುಮನೆ ಗೋಡೆಗೆ ಹಾಕ್ತೀನಿ."

"ನಾನು ಮನುಷ್ಯರ ಫೋಟೋ ತೆಗೆಯಲ್ಲ."

"ಬಿಸಿನೀರು ಎರಡು ಬಕೆಟ್ ಕೊಡ್ತೀನಿ."

ತೆಗೆಯಲು ಒಪ್ಪಿಕೊಂಡೆ. ಆ ಚಳಿಯಲ್ಲಿ ನನ್ನ ಸಿದ್ಧಾಂತದ ಬೆಲೆ ಅಷ್ಟೇ ಇತ್ತು.

ಮನೆಯವರೆಲ್ಲ ಹಿಂದಿನ ಅಂಗಳದಲ್ಲಿ ಸೇರಿದರು. ಯಜಮಾನಿ, ಅವರ ಇಬ್ಬರು ಗಂಡುಮಕ್ಕಳು, ಹಿರಿಸೊಸೆ, ಅವಳ ಪುಟ್ಟ ಮಗಳು. ಕೊನೆಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಕಿರಿಸೊಸೆ ಬಂದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಳಗಿನ ಕಾಡಿನ ಊರಿನವಳಂತೆ, ಮಾತು ಕಡಿಮೆಯಂತೆ. ಇದನ್ನೆಲ್ಲ ಹೇಳಿದ್ದು ಹಿರಿಸೊಸೆ, ತುಸು ಹೆಚ್ಚೇ ಮಾತಿನಲ್ಲಿ.

ನಾನು ಕೆಲಸ ಕಲಿತದ್ದು ಸೋದರಮಾವನ ಸ್ಟುಡಿಯೋದಲ್ಲಿ. ಮನೆಮಂದಿಯ ಫೋಟೋ ತೆಗೆಯುವಾಗ ಹೊಸದಾಗಿ ಬಂದ ಸೊಸೆಯನ್ನೋ ಅಳಿಯನನ್ನೋ ತುದಿಗೆ ನಿಲ್ಲಿಸಿ, ನಡುವೆ ಒಂದು ಗೇಣು ಜಾಗ ಬಿಡುವುದು ಮಾವನ ಪದ್ಧತಿ. ನಾಳೆ ಸಂಬಂಧ ಮುರಿದರೆ ಫೋಟೋ ಹಿಡಿದುಕೊಂಡು ಬಂದೇ ಬರುತ್ತಾರೆ, ಆಗ ಬೇರೆಯವರ ಭುಜ ಹೋಗದ ಹಾಗೆ ಅವರೊಬ್ಬರನ್ನೇ ಕತ್ತರಿಸಿ ತೆಗೆಯಬಹುದು. ಇದನ್ನು ಅವರು "ಕತ್ತರಿಗೆ ಜಾಗ ಬಿಡೋದು" ಎನ್ನುತ್ತಿದ್ದರು. ಸಂಬಂಧ ಉಳಿದರೆ ಅವರಿಗೂ ಸಂತೋಷವೇ, ಆದರೆ ವ್ಯಾಪಾರ ಎಂದರೆ ಮುಂದಾಲೋಚನೆ ಬೇಕು. ನನಗೆ ಅದು ಕೈಗೆ ಹತ್ತಿದ ಚಟ. "ನೀನು ಸ್ವಲ್ಪ ಆಚೆ ನಿಂತ್ಕೊಳಮ್ಮ, ಇನ್ನೂ ಸ್ವಲ್ಪ" ಎಂದು ಕಿರಿಸೊಸೆಗೆ ಹೇಳಿದ್ದು ಕೂಡ ನನ್ನ ಗಮನಕ್ಕೆ ಬರಲಿಲ್ಲ.

ಫೋಟೋ ಚೆನ್ನಾಗಿ ಬಂತು. ಎಲ್ಲರೂ ಕ್ಯಾಮೆರಾದ ಪುಟ್ಟ ಪರದೆಗೆ ಮುಗಿಬಿದ್ದು ತಂತಮ್ಮ ಮುಖ ಹುಡುಕಿಕೊಂಡರು. ಕಿರಿಸೊಸೆ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿ, ಏನೂ ಹೇಳದೆ ಒಳಗೆ ಹೋದಳು. ಮಾತು ಕಡಿಮೆಯಲ್ಲವೇ ಅಂದುಕೊಂಡೆ.

ಮಧ್ಯಾಹ್ನ ಊಟ ಮುಗಿಸಿ, ನನ್ನ ಮುಂದಿನ ಊರಿನ ಬಸ್ಸು ವಿಚಾರಿಸಲು ಬಸ್ ನಿಲ್ದಾಣಕ್ಕೆ ಹೋದೆ. ಕಲ್ಲುಬೆಂಚಿನ ಮೇಲೆ ಕಿರಿಸೊಸೆ ಕೂತಿದ್ದಳು, ಪಕ್ಕದಲ್ಲಿ ಬಟ್ಟೆಯ ಚೀಲ.

"ಎಲ್ಲಿಗೆ?" ಎಂದೆ.

"ಅಪ್ಪನ ಮನೆಗೆ."

"ಯಾವಾಗ ವಾಪಸ್ಸು?"

ಅವಳು ನನ್ನ ಮುಖ ನೋಡಿದಳು. "ನೀವೇ ಹೇಳ್ಬೇಕು. ಅತ್ತೆ ನಿಮ್ಮನ್ನ ಪಕ್ಕಕ್ಕೆ ಕರೆದು ಏನಂದ್ರು?"

"ಬಿಸಿನೀರು ಕೊಡ್ತೀನಿ ಅಂದ್ರು."

"ನಮ್ಮಪ್ಪಂದೂ ಸ್ಟುಡಿಯೋನೇ ಕಣ್ರೀ. ಕತ್ತರಿಗೆ ಜಾಗ ಬಿಡೋದು ನಂಗೆ ಗೊತ್ತಿಲ್ವಾ? ಮನೆ ಹಿರಿಯರು ಕಿವೀಲಿ ಹೇಳದೆ ನಮ್ಮಪ್ಪ ಯಾರನ್ನೂ ಹಾಗೆ ನಿಲ್ಲಿಸ್ತಿರಲಿಲ್ಲ. ಅವರಿಗೆ ನಾನು ಬೇಡವಾಗಿದ್ರೆ ನನ್ನ ಮುಂದೇನೇ ಹೇಳಬಹುದಿತ್ತು. ಫೋಟೋದೋರ ಕೈಲಿ ಹೇಳಿಸ್ಬೇಕಿತ್ತಾ?"

ಒಂದೇ ಕಸುಬು, ಎರಡು ಸ್ಟುಡಿಯೋ, ಎರಡು ಪದ್ಧತಿ. ಅವಳ ಅಪ್ಪನದು ಹೇಳಿಸಿಕೊಂಡು ಮಾಡುವ ಕೆಲಸ, ನನ್ನ ಮಾವನದು ಯಾರೂ ಹೇಳದೆಯೇ ಮಾಡುವ ಕೆಲಸ. ಯಾರೂ ಹೇಳಲಿಲ್ಲ, ನನ್ನದೇ ಚಟ ಎಂದು ಅಂಗಲಾಚಿದೆ. "ನೀವು ಇನ್ನೇನು ಹೇಳ್ತೀರಾ, ದುಡ್ಡು ಕೊಟ್ಟೋರ ಗುಟ್ಟು ಕಾಯ್ತೀರ" ಎಂದಳು. ದುಡ್ಡಲ್ಲ, ಎರಡು ಬಕೆಟ್ ನೀರು ಎಂದೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಮಂಜಿಗೆ ಬಸ್ಸು ತಡ. ನಾನು ಎದ್ದೆನೋ ಬಿದ್ದೆನೋ ಎಂದು ಲಾಡ್ಜಿಗೆ ಓಡಿದೆ. ಯಜಮಾನಿ ಬೆಡ್‌ಶೀಟ್ ಮಡಚುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವರು ಬೈಯಲಿಲ್ಲ. ಮಡಚುತ್ತಿದ್ದ ಬೆಡ್‌ಶೀಟ್ ಕೆಳಗಿಟ್ಟು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಬೀರು ತೆಗೆದು, ಸೀರೆಗಳ ಅಡಿಯಿಂದ ಚೌಕಟ್ಟು ಹಾಕಿದ ಒಂದು ಕಪ್ಪು ಬಿಳುಪು ಫೋಟೋ ಎಳೆದು ನನ್ನ ಕೈಗಿಟ್ಟರು.

ಕುರ್ಚಿಯಲ್ಲಿ ಹಿರಿಯರು, ಹಿಂದೆ ಸಾಲಾಗಿ ಗಂಡಸರು, ಹೆಂಗಸರು. ಬಲತುದಿಯಲ್ಲಿ ಒಬ್ಬ ಹುಡುಗಿ. ಅವಳಿಗೂ ಪಕ್ಕದವರಿಗೂ ನಡುವೆ ಸರಿಯಾಗಿ ಒಂದು ಗೇಣು.

"ಇದು ನಾನು, ಮದುವೆಯಾದ ಹೊಸತರಲ್ಲಿ" ಎಂದರು. "ನಂಗೆ ನಾಚಿಕೆ ಜಾಸ್ತಿ, ಅದಕ್ಕೇ ದೂರ ನಿಂತಿದೀನಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಮಕ್ಕಳಿಗೂ ಹಾಗೇ ಹೇಳಿದೀನಿ."

ಫೋಟೋ ತೆಗೆದವನಿಗೂ ಚಟ ಇದ್ದಿರಬಹುದು ಎಂದೆ.

"ಇರಬಹುದು. ನಮ್ಮ ಮಾವ ಹೇಳಿಸಿದ್ದೂ ಇರಬಹುದು. ಈಗ ಕೇಳೋಣ ಅಂದ್ರೆ ಇಬ್ಬರೂ ಇಲ್ಲ." ಫೋಟೋ ಮತ್ತೆ ಸೀರೆಯ ಅಡಿಗೆ ಹೋಯಿತು. "ನಡೀರಿ. ಕ್ಯಾಮೆರಾ ತಗೊಳ್ಳಿ."

ಮನೆಯ ಚಪ್ಪಲಿಯಲ್ಲೇ ಹೊರಟರು. ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಚಹಾ ಕುಡಿಯುತ್ತಿದ್ದ. ಸೊಸೆ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಅತ್ತೆ ಅವಳ ಎದುರು ನಿಂತು ಏದುಸಿರು ಬಿಟ್ಟರು.

"ಒಲೆ ಮೇಲೆ ಹಾಲಿಟ್ಟು ಬಂದಿದೀಯ. ಉಕ್ಕಿ ಹೋಯ್ತು."

ಸೊಸೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು.

"ನಂಗೆ ಈ ಕತ್ತರಿ ಲೆಕ್ಕ ಗೊತ್ತಿಲ್ಲ ಕಣೇ. ಗೊತ್ತಿದ್ದಿದ್ರೆ ನಿನ್ನ ವಯಸ್ಸಲ್ಲೇ ನಾನೂ ಇದೇ ಬಸ್ಸು ಹತ್ತಿರ್ತಿದ್ದೆ. ಬಾಯಿಬಿಟ್ಟು ಹೇಳಲೇಬೇಕು ಅಂದ್ರೆ ಹೇಳ್ತೀನಿ, ನೀನು ಹೋದ್ರೆ ನಂಗೆ ತುಂಬಾ ಸಂಕಟ ಆಗತ್ತೆ. ಆಮೇಲೆ ನಿನ್ನಿಷ್ಟ."

ಕಂಡಕ್ಟರು ಲೋಟ ಇಟ್ಟು ಶಿಳ್ಳೆ ಹೊಡೆದ. ಸೊಸೆ ಬಸ್ಸಿನ ಕಡೆ ನೋಡಿದಳು, ಅತ್ತೆಯ ಒದ್ದೆ ಚಪ್ಪಲಿ ನೋಡಿದಳು. ಬಸ್ಸು ಹೊರಟಿತು. ಅವಳು ಹತ್ತಿರಲಿಲ್ಲ.

"ಇಲ್ಲೇ ತೆಗೀರಿ" ಎಂದರು ಯಜಮಾನಿ ನನ್ನ ಕಡೆ ತಿರುಗಿ.

ಬೆಳಕು ಕೆಟ್ಟದಾಗಿತ್ತು, ಹಿಂದೆ ಬಸ್ ನಿಲ್ದಾಣದ ಶೌಚಾಲಯದ ಬಾಗಿಲು ಬರುತ್ತಿತ್ತು. ಸ್ವಲ್ಪ ಈ ಕಡೆ ಬನ್ನಿ ಎನ್ನಲು ಕೈ ಎತ್ತಿದೆ.

"ನೀವು ಯಾರನ್ನೂ ಎಲ್ಲೂ ನಿಲ್ಲಿಸ್ಬೇಡಿ" ಎಂದಳು ಸೊಸೆ.

ಅವಳೇ ನಿಲ್ಲಿಸಿದಳು. ಎಷ್ಟಾದರೂ ಸ್ಟುಡಿಯೋದ ಮಗಳು. ಅತ್ತೆಯನ್ನು ಎಳೆದು ಪಕ್ಕಕ್ಕೆ ಒತ್ತಿಕೊಂಡಳು. ಅವರ ಒಂದು ತೋಳನ್ನು ತನ್ನ ಕುತ್ತಿಗೆಯ ಹಿಂದಿನಿಂದ ತಂದು ಆಚೆಯ ಭುಜದ ಮೇಲೆ ಇಳಿಬಿಟ್ಟು, ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕ್ಯಾಮೆರಾದಲ್ಲಿ ನೋಡಿದೆ. ಅವಳನ್ನು ಕತ್ತರಿಸಿ ತೆಗೆಯಬೇಕಾದರೆ ಅತ್ತೆಯ ಕೈಯನ್ನೂ ಕತ್ತರಿಸಬೇಕಿತ್ತು.