ಹದಿನೇಳನೆಯ ಸುತ್ತು

ಕೀಂಯ್ ಕೀಂಯ್ ಎನ್ನುತ್ತ ಔಷಧಿಯ ತಳ್ಳುಗಾಡಿ ಕಾರಿಡಾರಿನ ಆ ತುದಿಯಿಂದ ಬರುತ್ತಿದೆ, ನಾಲ್ಕರಲ್ಲಿ ಒಂದು ಚಕ್ರ ನೆಲ ಮುಟ್ಟುತ್ತಿಲ್ಲ, ಗಾಳಿಯಲ್ಲಿ ಸುಮ್ಮನೆ ಅಲ್ಲಾಡುತ್ತಿದೆ, ಒಂದು ಹನಿ ಎಣ್ಣೆ ಬಿಟ್ಟು ನಟ್ಟನ್ನು ಅರ್ಧ ಸುತ್ತು ಬಿಗಿದರೆ ಸರಿಹೋದೀತು, ಭಾವ ಇದ್ದಿದ್ದರೆ ಇಷ್ಟು ಹೊತ್ತಿಗೆ ಮಂಡಿಯೂರಿ ಕೂತು, ಒಂದ್ನಿಮಿಷ ತಾಳಮ್ಮ, ಈ ಕಾಲು ಯಾಕೋ ಮುನಿಸ್ಕೊಂಡಿದೆ ಅನ್ನುತ್ತಿದ್ದರು — ಇದ್ದಿದ್ದರೆ ಅಂತ ಯಾಕೆ ಬಂತು ಅವನ ಮನಸ್ಸಿಗೆ, ಥೂ, ಇದ್ದಾರೆ ಭಾವ, ಆ ಹಸಿರು ಬಾಗಿಲಿನ ಆಚೆ ಮೇಜಿನ ಮೇಲೆ ಮಲಗಿದ್ದಾರೆ, ಅವರ ಬಲಗೈಯನ್ನು ಇಬ್ಬರು ಡಾಕ್ಟರುಗಳು ಎರಡು ಗಂಟೆಯಿಂದ ಬಿಡಿಸಿ ನೋಡುತ್ತಿದ್ದಾರೆ, ಮೊಣಕೈ ಕೆಳಗೆ ಉಳಿಸೋದು ಕಷ್ಟ ಅನ್ಸುತ್ತೆ ತಾಯಿ, ನೋಡೋಣ, ಅಂತ ಅವರಲ್ಲಿ ಚಿಕ್ಕವನು ಹೊರಗೆ ಬಂದು ಅಕ್ಕನಿಗೆ ಹೇಳಿ ಹೋದ. ಕಣ್ಣು ಮುಚ್ಚಿಕೊಂಡು ನಟ್ಟನ್ನು ಮುಟ್ಟಿ ಅಳತೆ ಹೇಳುತ್ತಿದ್ದ ಕೈ ಅದು. ಅಕ್ಕ ಅಳಲಿಲ್ಲ, ಪಕ್ಕದಲ್ಲಿ ಕೂತು ಅವನ ಭುಜದ ಮೇಲೆ ಕೈಯಿಟ್ಟಳು, ಇಟ್ಟ ಕೈ ಇನ್ನೂ ತೆಗೆದಿಲ್ಲ, ಅವನ ಅಂಗಿಗೆ ಹತ್ತಿದ ಭಾವನ ರಕ್ತ ಒಣಗಿ ಗಂಜಿ ಹಾಕಿದ ಹಾಗೆ ಬಿರುಸಾಗಿದೆ, ಅವಳ ಬೆರಳು ಅದರ ಮೇಲೇ ಇದೆ. ಅವನಿಗಾದದ್ದು ಏನು, ತುಟಿ ಹರಿದಿದೆ, ನಾಲಿಗೆ ಕಚ್ಚಿಕೊಂಡಿದ್ದಾನೆ, ಅಷ್ಟೇ.

ಒಳಗೆ ಒಯ್ಯುವ ಮುಂಚೆ ಭಾವ ಅಕ್ಕನನ್ನು ಹತ್ತಿರ ಕರೆದು, ನಂದೇ ತಪ್ಪು ಕಣೇ, ಆಯ್ತು ಅಂದ್ಬಿಟ್ಟೆ, ಅವನಿಗೇನೂ ಅನ್ಬೇಡ ಅಂದರಂತೆ, ಅದನ್ನು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಾಳೆ, ಆಯ್ತು ಅಂದ್ಬಿಟ್ರಂತೆ, ಆಯ್ತು ಅಂದ್ಬಿಟ್ರಂತೆ. ಹಾಳಾದ ಮಾತು. ಮುಗಿಯಿತು ಅನ್ನುವುದಕ್ಕೂ ಆಯ್ತು, ಸರಿ ಮಾಡ್ತೀನಿ ಅನ್ನುವುದಕ್ಕೂ ಆಯ್ತು, ಊಟ ಆಯ್ತು, ಆಯ್ತು ಬರ್ತೀನಿ, ಒಂದೇ ಚೀಲದಲ್ಲಿ ಎರಡು ಬೆಕ್ಕು, ಯಾವುದು ಹೊರಗೆ ಹಾರುತ್ತದೋ ಯಾರಿಗೆ ಗೊತ್ತು. ಮುದುಕಿಯ ಚಕ್ರ ಇಳಿಸುವುದಕ್ಕೆ ಗುಂಡಿಯಿಲ್ಲ, ಮೋಟಾರಿಲ್ಲ — ಮುದುಕಿ ಅಂದರೆ ವಿಮಾನ, ಅವನಿಗಿಂತ ಮೂವತ್ತು ವರ್ಷ ದೊಡ್ಡದು, ಕೋಳಿಗಳು ಮೊಟ್ಟೆಯಿಡುತ್ತಿದ್ದ ಶೆಡ್ಡಿನಿಂದ ಎಳೆದು ತಂದು ಅವನೂ ಭಾವನೂ ಹನ್ನೊಂದು ವರ್ಷ ಭಾನುವಾರ ಭಾನುವಾರ ಮೈಯೆಲ್ಲ ಗ್ರೀಸು ಮಾಡಿಕೊಂಡು ಮತ್ತೆ ಹಾರಿಸಿದ್ದು — ಅದರ ಹಿಂದಿನ ಸೀಟಿನ ಬಲಕ್ಕೆ ಒಂದು ಕಬ್ಬಿಣದ ಹಿಡಿಕೆ, ಸರಪಣಿಗೆ ಸೇರಿಸಿದ್ದು, ಮೂವತ್ತು ಸುತ್ತು ಕೈಯಲ್ಲೇ ತಿರುಗಿಸಬೇಕು, ಮೂವತ್ತನೆಯದಕ್ಕೆ ಕೊಕ್ಕೆ ಟಕ್ ಎಂದು ಬೀಳುತ್ತದೆ, ಬಿದ್ದರೆ ಚಕ್ರ ಗಟ್ಟಿಯಾಗಿ ನಿಂತಿತು ಅಂತ ಅರ್ಥ, ಬೀಳದಿದ್ದರೆ ನೆಲ ತಾಗಿದ ಕೂಡಲೇ ಚಕ್ರ ಮಡಚಿ ಒಳಗೆ ಹೋಗುತ್ತದೆ. ಮುಂದಿನವನು ಹಾರಿಸಬೇಕು, ಹಿಂದಿನವನು ಸುತ್ತಬೇಕು. ಚಕ್ರ ಅಂತ ಅವನು ಕೇಳಿದರೆ, ಇಳಿದಿದೆ, ಕೊಕ್ಕೆ ಬಿದ್ದಿದೆ ಅಂತ ಭಾವ ಪೂರ್ತಿ ಹೇಳಬೇಕು, ಹಾರತೊಡಗಿದ ಮೊದಲ ವರ್ಷ ಹಾಗೇ ಹೇಳುತ್ತಿದ್ದರು ಪಾಪ, ಎಷ್ಟುದ್ದ ಭಾವ, ಪಾಠ ಒಪ್ಪಿಸ್ದಂಗೆ, ಆಯ್ತು ಅಂದ್ರೆ ಸಾಕು ಬಿಡಿ, ಅಂದವನು ಅವನೇ. ಭಾವ ನಕ್ಕು, ಆಯ್ತಪ್ಪ ಆತುರಪ್ಪ ಅಂದಿದ್ದರು. ಆವತ್ತೂ ಆಯ್ತು ಅಂತಲೇ ಅಂದದ್ದು.

ಕನ್ನಡಿಯಲ್ಲಿ ಒಂದು ಭುಜ ಏಳುತ್ತದೆ, ಇಳಿಯುತ್ತದೆ. ಬೇಡ, ಅದು ಬೇಡ ಈಗ, ಗೋಡೆ ನೋಡುತ್ತೇನೆ ಅಂದುಕೊಳ್ಳುತ್ತಾನೆ, ಗೋಡೆಗೆ ಅರ್ಧದವರೆಗೆ ನೀಲಿ ಬಣ್ಣ, ಮೇಲೆ ಬಿಳಿ, ನಡುವಿನ ಗೆರೆ ನೆಟ್ಟಗಿಲ್ಲ, ನೆಲ ಹೀಗೇ ಓರೆಯಾಗಿ ಮೇಲೆ ಬಂತು, ಹುಲ್ಲು, ಸುಣ್ಣದ ಗೆರೆ, ಬೇಲಿಯ ಆಚೆ ಹಾರಾಟ ನೋಡಲು ಬಂದ, ಬಣ್ಣಬಣ್ಣದ ಛತ್ರಿ ಹಿಡಿದ ಜನ, ಆಮೇಲೆ ಧಡಾರನೆ ಸದ್ದು, ಸದ್ದು ಕಿವಿಗಲ್ಲ, ಹಲ್ಲಿಗೆ ಕೇಳಿಸಿದ್ದು, ಬೆನ್ನೆಲುಬಿಗೆ ಕೇಳಿಸಿದ್ದು, ಪ್ರೊಪೆಲ್ಲರು ನೆಲವನ್ನು ಕೊಚ್ಚಿತು, ಒಂದು ಅಲಗು ಮುರಿದು ಗಾಜಿನ ಮೇಲಿಂದ ಸುಂಯ್ ಅಂತ ಹೋಯಿತು, ಇನ್ನೊಂದು ಗೇಣು ಕೆಳಗಿದ್ದರೆ ಅವನ ತಲೆ, ಹೋಗಬೇಕಿತ್ತು ಆ ತಲೆ, ಹೊಟ್ಟೆ ಹರಿದುಕೊಂಡು ಮುದುಕಿ ಇನ್ನೂರು ಗಜ ಜಾರಿದಳು, ತಗಡು ತಗಡಿಗೆ ಉಜ್ಜಿ ಕಿಡಿ, ಪೆಟ್ರೋಲಿನ ವಾಸನೆ, ಬಾಯಿತುಂಬ ಉಪ್ಪುಪ್ಪು ರಕ್ತ. ಅದರೊಳಗೇ, ಅಷ್ಟು ಸದ್ದಿನೊಳಗೇ, ಅರ್ಧ ಇಳಿದಿದ್ದ ಚಕ್ರವನ್ನು ನೆಲ ಗುದ್ದಿ ಒಳಕ್ಕೆ ತಳ್ಳಿತು, ಸರಪಣಿ ಹಿಂದಕ್ಕೆ ಓಡಿತು, ಇಳಿಸುವಾಗ ಸುತ್ತಿದ ಅಷ್ಟೂ ಸುತ್ತುಗಳನ್ನು ಹಿಡಿಕೆ ಒಂದೇ ಉಸಿರಿಗೆ ಉಲ್ಟಾ ತಿರುಗಿತು, ಹಿಡಿದ ಕೈಯನ್ನು ಬಿಡದೆ ತಿರುಗಿತು, ತೋಳಿನ ಬಟ್ಟೆ ಸರಪಣಿಗೆ ಸಿಕ್ಕಿ ಎಳೆಯಿತು, ಒಣಸೌದೆ ಮುರಿದ ಹಾಗೆ ಒಂದು ಸಲ, ಮತ್ತೊಂದು ಸಲ. ಭಾವ ಕಿರುಚಿದ್ದು ವಿಮಾನ ನಿಂತ ಮೇಲೆ. ಅವನು ಹಿಂದೆ ತಿರುಗಿದಾಗ ಕೈ ಇರಬೇಕಾದ ಕಡೆ ಇರಲಿಲ್ಲ, ಅಂಗೈ ಬೆನ್ನ ಕಡೆ ನೋಡುತ್ತಿತ್ತು, ಬೆಂಕಿ ಆರಿಸುವವರು ಕೊಡಲಿಯಿಂದ ಸರಪಣಿ ಕಡಿಯುವಾಗ ಒಂದೊಂದು ಏಟಿಗೂ ಭಾವನ ಮೈ ಹಾರುತ್ತಿತ್ತು, ಸಾಕು, ಬಿಡ್ರೋ, ಕೈ ಕಡೀರೋ, ಸರಪಣಿ ಬೇಡ, ಕೈ ಕಡೀರೋ ಅಂದರು, ಹಿಂದೆಂದೂ ಯಾರಿಗೂ ಜೋರು ಮಾಡದ ಮನುಷ್ಯ.

ಈಗ ಫ್ಲೈಯಿಂಗ್ ಕ್ಲಬ್ಬಿನ ಸೆಕ್ರೆಟರಿ ಬಂದಿದ್ದಾನೆ, ಬೆಳಿಗ್ಗೆ ಹಾಕಿಕೊಂಡ ಬಿಳಿ ಬೂಟು ಹಾಗೇ ಇದೆ, ಒಂದು ಕೊಳೆಯಿಲ್ಲ, ಅಕ್ಕ ನೀರು ಕುಡಿಯಲು ಎದ್ದು ಹೋದದ್ದು ನೋಡಿ ಹತ್ತಿರ ಬಂದು, ಬೇಜಾರು ಮಾಡ್ಕೋಬೇಡಿ ಕ್ಯಾಪ್ಟನ್, ನಿಮ್ದೇನಿದೆ ತಪ್ಪು, ವಯಸ್ಸಾಯ್ತು ಅವರಿಗೆ, ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ಚಕ್ರ ಇಳಿದಿದ್ಯೋ ಇಲ್ವೋ ಗೊತ್ತಾಗದವರನ್ನ ಹಿಂದೆ ಕೂರಿಸ್ಕೊಂಡ್ರೆ ಇನ್ನೇನಾಗುತ್ತೆ — ಎನ್ನುವಷ್ಟರಲ್ಲಿ ಅವನ ಕೈ ಸೆಕ್ರೆಟರಿಯ ಕುತ್ತಿಗೆಯಲ್ಲಿದೆ, ಯಾವಾಗ ಎದ್ದನೋ ಗೊತ್ತಿಲ್ಲ, ತಲೆಯನ್ನು ನೀಲಿ ಗೋಡೆಗೆ ಅಪ್ಪಳಿಸುತ್ತಾನೆ, ಮತ್ತೆ, ಮತ್ತೆ, ಗೋಡೆ ಬಣ್ಣದ ಪುಡಿ ಉದುರುತ್ತದೆ, ಬಿಳಿ ಬೂಟು ನೆಲ ಕೆರೆಯುತ್ತದೆ, ಗಂಟಲಿನ ಮೂಳೆ ಹೆಬ್ಬೆರಳಿಗೆ ಸಿಕ್ಕಿ ಜಾರುತ್ತದೆ, ಒತ್ತಬೇಕು, ಇನ್ನೂ ಒತ್ತಬೇಕು, ಈ ಬಾಯಿ ಮುಚ್ಚಬೇಕು, ಕೊಂದೇಬಿಡಬೇಕು ಯಾರನ್ನಾದರೂ. ಇಬ್ಬರು ವಾರ್ಡಿನವರು ಬಂದು ಎಳೆದರು. ಅಕ್ಕ ಓಡಿ ಬಂದು ಅವನನ್ನು ತಬ್ಬಿಕೊಂಡಳು, ಬಿಡೋ, ಆಡ್ಕೊಳ್ಳೋರ ಬಾಯಿಗೆ ಬೀಗ ಹಾಕೋಕಾಗುತ್ತಾ, ನೀನೊಬ್ಬ ಇದ್ದೀಯಲ್ಲ ಅವರ ಪರವಾಗಿ, ಅಷ್ಟು ಸಾಕು ನನಗೆ, ಅಂದು ಮತ್ತೆ ಅವನನ್ನು ಬೆಂಚಿನ ಮೇಲೆ ಕೂರಿಸಿ ಭುಜದ ಮೇಲೆ ಕೈಯಿಟ್ಟಳು. ಆ ಕೈ ಸುಡುತ್ತಿದೆ.

ಕನ್ನಡಿ ಅಂಗೈಯಗಲದ್ದು, ಹಳೇ ಸ್ಕೂಟರಿನದ್ದು, ಭಾವನೇ ತಂದು ಮುಂದಿನ ಗಾಜಿನ ಚೌಕಟ್ಟಿಗೆ ಸಿಕ್ಕಿಸಿದ್ದು, ಹಿಂದೆ ನಾನು ಇದ್ದೀನೋ ಟಿಕೆಟ್ ತಗೊಂಡ್ನೋ ಆಗಾಗ ನೋಡ್ಕೋ ಅಂತ. ಕನ್ನಡಿ ಎಂದೂ ತಿರುಗಿರಲಿಲ್ಲ. ತಿರುಗಿತ್ತು, ಹಿಂದೆ ಏನೂ ಕಾಣಲಿಲ್ಲ ಅಂತ ಆಗಲೇ ಬಂದು ಕೇಳಿಹೋದ ತನಿಖೆಯ ಅಧಿಕಾರಿಗೆ ಹೇಳಿದ್ದು ಶುದ್ಧ ಸುಳ್ಳು. ಬೆಳಿಗ್ಗೆ ಹೊರಡುವ ಮುಂಚೆ ರೆಕ್ಕೆಯ ಮೇಲೆ ನಿಂತು ಭಾವ ಎಲ್ಲರೆದುರಿಗೆ, ನಾನೊಬ್ಬ ಹಿಂದೆ ಇಲ್ದಿದ್ರೆ ನಮ್ಮ ಆತುರಪ್ಪ ಯಾವತ್ತೋ ಹೊಟ್ಟೆ ಮೇಲೆ ಇಳಿಸಿರೋನು, ಆತುರಗಾರನಿಗೆ ಬುದ್ಧಿ ಮಟ್ಟ ಅಂದರು, ಎಲ್ಲರೂ ನಕ್ಕರು, ಸೆಕ್ರೆಟರಿ ಚಹಾ ಚೆಲ್ಲಿಕೊಂಡು ನಕ್ಕ, ಅವನೂ ನಕ್ಕ, ಕಿವಿ ಮಾತ್ರ ಕಾದ ಕಾವಲಿ. ಇಷ್ಟೂ ವರ್ಷದಿಂದ ತಾಳು, ತಾಳು, ತಾಳು. ಮೇಲೆ ಹೋಗಿ ಮೂರು ಸುತ್ತು ಹೊಡೆದು ಇಳಿಯಲು ಬರುವಾಗ, ಚಕ್ರ ಅಂದ, ಆಯ್ತು ಅಂದರು, ಕನ್ನಡಿ ನೋಡಿದ, ಭುಜ ಏಳುತ್ತಿತ್ತು, ಇಳಿಯುತ್ತಿತ್ತು, ಇನ್ನೂ ಸುತ್ತುತ್ತಿದ್ದಾರೆ, ಅವರ ಆಯ್ತು ಮುಗಿಯಿತು ಅನ್ನುವ ಆಯ್ತು ಅಲ್ಲ, ಸರಿ ಮಾಡ್ತೀನಿ ಅನ್ನುವ ಆಯ್ತು ಅಂತ ಅವನಿಗೆ ಗೊತ್ತಾಯಿತು, ಗೊತ್ತಾಗದೇ ಏನು, ಒಂದೊಂದು ಸುತ್ತಿಗೂ ಮುದುಕಿಯ ಮೂಗು ಹೂಂ ಅಂದ ಹಾಗೆ ತೂಗುತ್ತದೆ, ಎಣಿಸಿದ ಅವನು, ಹನ್ನೆರಡು, ಹದಿಮೂರು, ಇಂಜಿನ್ನು ಜೋರು ಮಾಡಿ ಮೈದಾನಕ್ಕೆ ಇನ್ನೊಂದು ಸುತ್ತು ಹಾಕಿ ಬಂದರೆ ಮುಗಿಯುತ್ತಿತ್ತು, ಹದಿನಾಲ್ಕು, ಆಕಾಶಕ್ಕೇನು ಬಾಗಿಲು ಹಾಕುತ್ತಿದ್ದರೇ, ಹದಿನೈದು, ಸ್ವಲ್ಪ ಹೆದರಲಿ ಮುದುಕ ಅಂದುಕೊಂಡ, ಹದಿನಾರು, ಅವರೂ ಒಂದು ಸಲ ಆತುರ ಪಡಲಿ, ಬೆವರಲಿ, ಕೊನೇ ಗಳಿಗೆಯಲ್ಲಿ ಕೊಕ್ಕೆ ಬೀಳುತ್ತದೆ, ಬಿದ್ದೇ ಬೀಳುತ್ತದೆ, ಅವರ ಕೈ ಎಂದೂ ತಪ್ಪಿದ್ದಿಲ್ಲ, ಹದಿನೇಳು, ಅವನು ಇಂಜಿನ್ನಿನ ವೇಗ ಪೂರ್ತಿ ಇಳಿಸಿಬಿಟ್ಟ. ಕಿವಿಯೊಳಗೆ ಭಾವನ ದನಿ, ತಾ — ಅಷ್ಟೇ ಕೇಳಿಸಿತು, ತಾಳೋ ಅನ್ನುವುದರ ಮೊದಲರ್ಧ, ಮುದುಕಿ ಕಲ್ಲಿನ ಹಾಗೆ ಬಿದ್ದಳು, ಉಳಿದದ್ದನ್ನು ನೆಲ ನುಂಗಿತು.

ತನಿಖೆಯ ಅಧಿಕಾರಿ ಮುರಿದ ವಿಮಾನ ನೋಡಿ ವಾಪಸ್ಸು ಬಂದಿದ್ದಾನೆ, ರಟ್ಟಿಗೆ ಸಿಕ್ಕಿಸಿದ ಕಾಗದ, ಕಿವಿಯ ಹಿಂದೆ ಪೆನ್ನು, ಕೆಟ್ಟ ಮನುಷ್ಯನಲ್ಲ, ಅಕ್ಕನಿಗೆ ಕೈಮುಗಿದು ಎದುರಿನ ಬೆಂಚಿನಲ್ಲಿ ಕೂತ. ಅವನು ಅಂದುಕೊಳ್ಳುತ್ತಾನೆ, ಇದೊಂದು ಸಹಿ, ಆಮೇಲೆ ಎಲ್ಲ ಮುಗಿಯುತ್ತದೆ, ಭಾವನೇ ಒಪ್ಪಿಕೊಂಡಿದ್ದಾರೆ, ನೀನ್ಯಾಕೆ ಕೆದಕುತ್ತೀಯ, ಲೈಸೆನ್ಸ್ ಉಳಿಯುತ್ತದೆ, ಅಕ್ಕನ ಕೈ ಭುಜದ ಮೇಲೇ ಉಳಿಯುತ್ತದೆ. ಕ್ಯಾಪ್ಟನ್, ಒಂದೇ ಒಂದು ಜಾಗ ಖಾಲಿ ಇದೆ, ಹಿಡಿಕೆ ಪೂರ್ತಿ ವಾಪಸ್ ತಿರುಗಿ ಮುರಿದುಹೋಗಿದೆ, ಅವರು ಎಷ್ಟು ಸುತ್ತು ಸುತ್ತಿದ್ರು ಅಂತ ಹೇಳೋಕೆ ಯಾವ ಗುರುತೂ ಇಲ್ಲ, ಅವರಿಗೇ ನೆನಪಿಲ್ವಂತೆ, ನಂಗನ್ಸುತ್ತೆ ಐದೋ ಆರೋ ಇರಬೇಕು, ಶುರು ಮಾಡಿ ಮರೆತು ಕೂತಿರಬೇಕು, ಇಲ್ಲಾ ತೂಕಡಿಸಿರಬೇಕು, ವಯಸ್ಸಾದವರು ನೋಡಿ, ಹಾಗಂತಲೇ ಬರ್ಕೊಳ್ಲಾ. ಅಕ್ಕ ತಲೆ ತಗ್ಗಿಸಿದಳು. ಮರೆತು ಕೂತರಂತೆ, ಭಾವ, ತೂಕಡಿಸಿದರಂತೆ, ಯಾರು, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ ಸುತ್ತುತ್ತಿದ್ದ ಮನುಷ್ಯ, ಅವನ ಮೈಯೆಲ್ಲ ಉರಿದುಹೋಯಿತು, ಮತ್ತೆ ಕುತ್ತಿಗೆ ಹಿಡಿಯಬೇಕೆನಿಸಿತು, ಐದಾರಲ್ಲ ರೀ, ಹದಿನೇಳು, ಒಂದೂ ಕಡಿಮೆ ಇಲ್ಲ, ಹದಿನೇಳು ಸುತ್ತಿದ್ರು ನಮ್ಮ ಭಾವ, ಒಂದು ಚಣ ನಿಲ್ಲಿಸಲಿಲ್ಲ.

ಅಧಿಕಾರಿಯ ಪೆನ್ನು ಕಾಗದ ಮುಟ್ಟಿ ನಿಂತಿದೆ. ಕನ್ನಡಿ ತಿರುಗಿತ್ತು ಅಂದ್ರಲ್ಲ, ಅನ್ನುತ್ತಾನೆ ಮೆಲ್ಲಗೆ. ತಳ್ಳುಗಾಡಿ ಕೀಂಯ್ ಅನ್ನುತ್ತ ವಾಪಸ್ಸು ಹೋಗುತ್ತಿದೆ. ಅವನು ಅಕ್ಕನ ಮುಖ ನೋಡುವುದಿಲ್ಲ, ನೋಡಬೇಕಿಲ್ಲ, ಭುಜದ ಮೇಲಿನ ಭಾರ ಬೆರಳು ಬೆರಳಾಗಿ ಎದ್ದು ಹೋಗುತ್ತಿದೆ, ಕಿರುಬೆರಳು, ಉಂಗುರದ ಬೆರಳು, ಆಮೇಲೆ ಅಂಗೈ, ಗಂಜಿ ಹಾಕಿದಂತಿದ್ದ ಬಟ್ಟೆ ಅದಕ್ಕೆ ಅಂಟಿ ಒಂದಿಷ್ಟು ಎದ್ದು ಬಿಡಿಸಿಕೊಂಡಿತು, ಅಲ್ಲೀಗ ತಣ್ಣಗಿದೆ. ಏನಾದರೂ ಹೇಳಬೇಕು, ಅಕ್ಕಾ ಅನ್ನಬೇಕು, ನಾಲಿಗೆ ಊದಿಕೊಂಡಿದೆ, ಅಂಗೈಯಗಲದ ಕನ್ನಡಿ, ಅದರಲ್ಲಿ ಖಾಕಿ ಅಂಗಿಯ ಭುಜ, ಏಳುತ್ತದೆ, ಇಳಿಯುತ್ತದೆ, ಹದಿನಾರು, ಅಕ್ಕಾ, ಏಳುತ್ತದೆ, ಹದಿನೇಳು, ಏಳುತ್ತದೆ ಭುಜ, ಹದಿನೇಳು, ಎದ್ದದ್ದು ಇಳಿಯುವುದಿಲ್ಲ, ಹದಿನೇಳು