ಮಸ್ನಿಯಾ ನಿನಿಯ ಬಲಗೈ

ಅರಾಫತ್ ಬಯಲಿಗೆ ಹೋಗಲು ನಾಲ್ಕೇ ದಿನ ಉಳಿದಿತ್ತು. ಮೆಕ್ಕಾದ ಹೋಟೆಲಿನಲ್ಲಿ ನಮ್ಮ ಹೆಂಗಸರಿದ್ದ ಮಹಡಿಯಲ್ಲಿ ಕೆಮ್ಮದೆ ಇದ್ದವರು ಮೂವರೇ. ನಾನು ತಂಡದ ನರ್ಸ್. ಬೋರ್ನಿಯೊದ ಬರಾಬಾಯಿಯಿಂದ ಹೊರಟಾಗಿನಿಂದ ಕೈ ತೊಳೀರಿ, ಬಾಯಿಗೆ ಅಡ್ಡ ಹಿಡೀರಿ ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ನಮಾಜಿಗೆ ಮುಂಚೆ ದಿನಕ್ಕೆ ಐದು ಸಲ ಕೈ ತೊಳೆಯುವವರಿಗೆ ಇವಳೇನು ಕಲಿಸುತ್ತಾಳೆ ಎಂದು ನಕ್ಕರು. ಸೋಪು ಹಾಕಿ ಎಂದಾಗ ಇನ್ನೂ ನಕ್ಕರು.

ಆ ಮೂವರಲ್ಲಿ ಒಬ್ಬಳು ಮಸ್ನಿಯಾ ನಿನಿ. ನಿನಿ ಅಂದರೆ ನಮ್ಮಲ್ಲಿ ಅಜ್ಜಿ. ಇವಳಿಗೆ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಎಪ್ಪತ್ತಾರು ವಯಸ್ಸು, ಹಳೇ ಉಬ್ಬಸ. ಹಜ್‌ನ ಸರದಿಗೆ ಹದಿನೆಂಟು ವರ್ಷ ಕಾದಿದ್ದಳು. ಈ ಕೆಮ್ಮು ಅವಳಿಗೂ ತಗುಲಿ ಎದೆಗಿಳಿದರೆ ಆಸ್ಪತ್ರೆಯೇ ಗತಿ. ಅರಾಫತ್ ತಪ್ಪಿದರೆ ಹಜ್ಜೇ ತಪ್ಪಿದ ಹಾಗೆ.

ಪ್ರತಿ ನಮಾಜು ಮುಗಿದ ಮೇಲೂ ಹೆಂಗಸರೆಲ್ಲ ಸಾಲಾಗಿ ಬಂದು, ಹಿರಿಯಳೆಂದು ಅವಳ ಬಲಗೈ ಹಿಡಿದು ಮೂಗಿಗೊತ್ತಿಕೊಳ್ಳುತ್ತಿದ್ದರು. ಮೂವತ್ತೆಂಟು ಸೋರುವ ಮೂಗುಗಳು. ಅದೇ ಕೈಯಲ್ಲಿ ಅವಳು ಕಣ್ಣೊರೆಸಿಕೊಂಡು ಖರ್ಜೂರ ತಿನ್ನುತ್ತಿದ್ದಳು.

"ಇನ್ಮೇಲೆ ನಿನಿ ಕೈ ಯಾರೂ ಮುಟ್ಟಬೇಡಿ," ಎಂದೆ.

"ಏನ್ ಸಿಸ್ಟರ್, ಹಿರಿಯರಿಗೆ ಮರ್ಯಾದೆ ಕೊಡೋದೂ ಕಾಯಿಲೇನಾ? ನಿಮ್ಮಮ್ಮ ಇದನ್ನೇ ಕಲ್ಸಿದ್ದಾ?" ಎಂದಳು ಸಾಲಿನಲ್ಲಿದ್ದ ಹಮ್ನಾ, ಮುಸುಕಿನ ತುದಿಯಲ್ಲಿ ಮೂಗೊರೆಸಿಕೊಳ್ಳುತ್ತಾ.

ಅವಳ ಜೊತೆ ವಾದಿಸುವ ತ್ರಾಣ ಇರಲಿಲ್ಲ. ನಿನಿಯ ಹತ್ತಿರವೇ ಹೋಗಿ ಕೂತೆ. "ನಿನಿ, ನೀವೇ ಕೈ ಒಳಗಿಟ್ಕೊಂಡ್ಬಿಡಿ."

ಅವಳು ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡಳು. "ಹಬ್ಬದ ದಿನ ಊರಲ್ಲಿ ಎಲ್ಲಾ ಮನೇಲೂ ಮಕ್ಳು ಅಮ್ಮನ ಕೈ ಹಿಡೀತಾರೆ ಕಣೇ. ನಾನು ಬಾಗಿಲು ಹಾಕ್ಕೊಂಡು ಅಕ್ಕಿ ಆರಿಸ್ತಾ ಕೂತಿರ್ತಿದ್ದೆ. ಇಲ್ಲಿಗೆ ಬಂದ್ಮೇಲೇ ನೋಡು, ಈ ಕೈನೂ ಯಾರಿಗೋ ಬೇಕು ಅನ್ಸಿದ್ದು."

ನನ್ನ ಕೆಲಸದ ಮೇಲೆ ನನಗೇ ಬೇಸರ ಬಂತು. ಆದರೂ ಬಿಡಲಿಲ್ಲ.

"ಅರಾಫತ್ ಬೇಕೋ ಬೇಡ್ವೋ?"

"ಬೇಕು. ಅದಕ್ಕೇ ತಾನೇ ಇಷ್ಟು ವರ್ಷ ಬದ್ಕಿರೋದು."

ಅಂದಿನಿಂದ ಅವಳ ಕೈ ಪ್ರಾರ್ಥನೆಯ ಬಿಳಿ ಮುಸುಕಿನೊಳಗೇ ಉಳಿಯಿತು. ಹೆಂಗಸರು ನನ್ನನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ನಾನು ಸೋಪು ಹಿಡಿದುಕೊಂಡು ನಲ್ಲಿಯ ಹತ್ತಿರ ಕಾವಲು ನಿಂತೆ.

ಅರಾಫತ್‌ನ ಡೇರೆಗೆ ನಿನಿ ತನ್ನ ಕಾಲ ಮೇಲೇ ನಡೆದು ಬಂದಳು. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ. ಇಳಿಹೊತ್ತಿಗೆ ಪ್ರಾರ್ಥನೆ ಮುಗಿದಾಗ ಎಲ್ಲರೂ ಬಿಕ್ಕಿ ಬಿಕ್ಕಿ ಅಳುತ್ತಾ, ಹಿರಿಯರ ಕೈ ಹಿಡಿದು ಮೂಗಿಗೊತ್ತಿ, ತಪ್ಪಾಯಿತು ಕ್ಷಮಿಸಿ ಎಂದು ಬೇಡಿಕೊಳ್ಳತೊಡಗಿದರು. ಹಮ್ನಾ ತನ್ನ ಅತ್ತೆಯ ಕೈಯನ್ನು ಬಿಡಲೇ ಇಲ್ಲ. ನಿನಿಯ ಸುತ್ತ ಮಾತ್ರ ಒಂದು ಚಾಪೆಯಷ್ಟು ಜಾಗ ಖಾಲಿ ಇತ್ತು. ಅಷ್ಟು ಚೆನ್ನಾಗಿ ಕಲಿಸಿದ್ದೆ ನಾನು.

ಸರಿಯಾಗಿ ಮಲಗಿ ಎಷ್ಟು ದಿನವಾಗಿತ್ತೋ. ಬೆಳಗಿನಿಂದ ನನ್ನ ಗಂಟಲೂ ಕೆರೆದು ಕೆಮ್ಮು ಬರುತ್ತಿತ್ತು, ಯೋಚಿಸುವ ಶಕ್ತಿ ಉಳಿದಿರಲಿಲ್ಲ. ಹೋಗಿ ಅವಳೆದುರು ಮಂಡಿಯೂರಿ ಕೈ ಚಾಚಿದೆ.

"ನಿನಿ, ನನ್ನನ್ನ ಕ್ಷಮಿಸಿ."

ಮುಸುಕಿನೊಳಗೆ ಅವಳ ಕೈ ಅಲುಗಿತು. ಹೊರಗೆ ಬರಲಿಲ್ಲ.

"ಬೇಡ ಮಗಳೇ, ನೀನೂ ಕೆಮ್ತಾ ಇದ್ದೀಯ," ಎಂದು ಅವಳು ಕೂತಲ್ಲೇ ಹಿಂದಕ್ಕೆ ಸರಿದಳು. "ಇನ್ನೂ ಮಿನಾಗೆ ಹೋಗ್ಬೇಕು, ಸೈತಾನನಿಗೆ ಕಲ್ಲು ಹೊಡೀಬೇಕು."

ಅವಳು ಹೇಳಿದ್ದು ಸರಿಯಾಗೇ ಇತ್ತು. ನಾನು ಚಾಚಿದ ಕೈಯನ್ನು ಮಡಿಲಿಗೆಳೆದುಕೊಂಡು ಅಳುತ್ತಾ ಕೂತೆ.