ಮುಚ್ಚಬಾರದ ತೂತು

ನನ್ನ ಭಾವಮೈದ ಇಪ್ಪತ್ತು ವರ್ಷದಿಂದ ಟೈರಿಗೆ ಪಂಕ್ಚರ್ ಹಾಕುತ್ತಿದ್ದಾನೆ. ತೂತು ಕಂಡರೆ ಸಾಕು, ಅವನ ಹೆಬ್ಬೆರಳು ತಾನಾಗಿ ಏಳುತ್ತದೆ. ಅವನ ಮದುವೆಯಲ್ಲಿ ಹುಡುಗಿಯ ಅಪ್ಪ ಆಕಳಿಸಿದಾಗ ನಾನು ಇವನ ಕೈ ಹಿಡಿದುಕೊಂಡು ಕೂರಬೇಕಾಯಿತು. ನಾನು ಕ್ಷೌರದಂಗಡಿಯವನು, ಸುಳ್ಳು ಹೇಳುವ ಅಭ್ಯಾಸವಿಲ್ಲ. ಆದರೂ ಊರು ನನ್ನನ್ನು ಕರೆಯುವುದು ಬುರುಡೆ ಅಂತ.

ನಮ್ಮಿಬ್ಬರ ಜೊತೆಗೆ ಅವನ ಹೆಂಡತಿ ಟೈಲರಮ್ಮನನ್ನೂ ಸೇರಿಸಿ ನೀರಾವರಿ ಇಲಾಖೆಯ ಎಂಜಿನಿಯರಮ್ಮ ಒಂದು ತಂಡ ಮಾಡಿದರು. ಹೊಳೆ ಊರಿಗೆ ನುಗ್ಗದಂತೆ ಕಟ್ಟಿದ ಮಣ್ಣಿನ ಏರಿಯನ್ನು ದಿನಾ ನಡೆದು ನೋಡಿ, ಬಿರುಕು, ಬಿಲ, ಜಿನುಗು ಕಂಡರೆ ವರದಿ ಮಾಡುವ ಕೆಲಸ. ಏರಿಯುದ್ದಕ್ಕೂ ನಂಬರ್ ಹಾಕಿದ ಕಂಬ ನೆಟ್ಟಿದ್ದರು; ನಮ್ಮ ಪಾಲಿಗೆ ಹತ್ತನೇ ಕಂಬದಿಂದ ಇಪ್ಪತ್ತನೇ ಕಂಬದವರೆಗೆ. ಅದರ ಕೆಳಗೇ ಭಾವಮೈದನ ಓಣಿ, ಅರವತ್ತು ಮನೆ.

"ನಂಬೋ ಹಾಗೆ ಏರಿ ನೋಡ್ಕೊಳ್ಳೋರು ಇಲ್ಲದ ಕಡೆ ಜನಾನ ಇರೋಕೆ ಬಿಡಕ್ಕಾಗಲ್ಲ," ಎಂದರು ಎಂಜಿನಿಯರಮ್ಮ ಮೊದಲ ದಿನವೇ. "ನೀವು ಪಾಸಾಗ್ಲಿಲ್ಲ ಅಂದ್ರೆ ಮಳೆಗಾಲ ಮುಗಿಯೋವರೆಗೂ ಓಣಿ ಖಾಲಿ. ಎಲ್ರೂ ತಗಡಿನ ಶೆಡ್ಡಿಗೆ."

ಟೈಲರಮ್ಮ ನನ್ನನ್ನು ನೋಡಿದಳು. ಗಂಡನನ್ನು ನೋಡಿದಳು.

"ಶೆಡ್ಡಲ್ಲಿ ಕರೆಂಟ್ ಇರತ್ತಾ ಮೇಡಂ?" ಎಂದು ಕೇಳಿದಳು.

ತರಬೇತಿ ನಡೆದದ್ದು ಊರ ಶಾಲೆಯ ಹಿಂದಿನ ಕೋಣೆಯಲ್ಲಿ. ಮೇಜಿನ ಮೇಲೆ ಗಾಜಿನ ತೊಟ್ಟಿ, ನಡುವೆ ಮರಳಿನ ಪುಟ್ಟ ಏರಿ, ಒಂದು ಬದಿಗೆ ನೀರು. ಇನ್ನೊಂದು ಬದಿಯ ಬುಡದಲ್ಲಿ ಬುಳುಬುಳು ಎಂದು ಉಕ್ಕತೊಡಗಿತು.

"ಇದು ಒರತೆ. ನೀರು ತಿಳಿಯಾಗಿದ್ರೆ ಕಣ್ಣಿಟ್ಟಿರಿ. ಕದಡಿದ್ರೆ ಏರಿ ಒಳಗಿನ ಮಣ್ಣೇ ಕೊಚ್ಕೊಂಡು ಬರ್ತಿದೆ ಅಂತ. ಆಗ ಏನ್ ಮಾಡ್ಬಾರ್ದು ಅಂದ್ರೆ..."

ಅಷ್ಟರಲ್ಲಿ ಭಾವಮೈದನ ಹೆಬ್ಬೆರಳು ತೂತಿನಲ್ಲಿತ್ತು. ತೊಟ್ಟಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಬೇರೆ ನಾಲ್ಕು ಕಡೆ ಉಕ್ಕಿ, ಏರಿ ಚಹಾಕ್ಕೆ ಬಿದ್ದ ಬಿಸ್ಕತ್ತಿನ ಹಾಗೆ ಕೂತುಬಿಟ್ಟಿತು. ನೀರೆಲ್ಲ ಎಂಜಿನಿಯರಮ್ಮನ ಬೂಟಿನೊಳಗೆ.

"ಇದನ್ನೇ ಮಾಡ್ಬಾರ್ದು," ಎಂದರು ಅವರು, ಬೂಟು ಬಗ್ಗಿಸುತ್ತಾ. "ಮುಚ್ಚಿದ್ರೆ ನೀರು ಬೇರೆ ದಾರಿ ಹುಡುಕತ್ತೆ. ಸುತ್ತ ಮರಳು ಚೀಲದ ಬಳೆ ಕಟ್ಬೇಕು. ಒಳಗೆ ನೀರು ನಿಂತು ಭಾರ ಬಿದ್ರೆ ಮಣ್ಣು ಬರೋದು ನಿಲ್ಲತ್ತೆ. ತಿಳಿ ನೀರು ಹರ್ಕೊಂಡು ಹೋಗ್ಲಿ."

"ಹರಿಯೋಕೆ ಬಿಡೋದಾ?" ಭಾವಮೈದನ ಮುಖ ಹುಳ್ಳಗಾಯಿತು. "ಹಂಗ್ ಬಿಟ್ರೆ ಗಿರಾಕಿ ನನ್ನ ಸುಮ್ನೆ ಬಿಡ್ತಾನಾ ಮೇಡಂ?"

ನನ್ನ ವರದಿಯೂ ನಪಾಸಾಯಿತು. ಹೆಗ್ಗಣದ ಬಿಲವೊಂದನ್ನು ಕಂಡು "ಒಳಗೆ ಲಾರಿ ರಿವರ್ಸ್ ತೆಗೆಯಬಹುದು" ಎಂದು ಬರೆದಿದ್ದೆ. ಲಾರಿ ಅಂದರೆ ಚಿಕ್ಕ ಲಾರಿ.

"ಕಂಬದ ನಂಬರ್, ಅಗಲ, ನೀರಿನ ಬಣ್ಣ, ಹೆಚ್ಚಾಗ್ತಿದೆಯಾ ಇಲ್ವಾ. ಅಷ್ಟೇ," ಎಂದರು ಎಂಜಿನಿಯರಮ್ಮ. "ನಿಮ್ಮ ಮಾತು ಕೇಳಿ ಒಂದು ಸಲ ಸುಮ್ಸುಮ್ನೆ ಜನ ಓಡಿ ಬಂದ್ರೆ, ಎರಡನೇ ಸಲ ಯಾರೂ ಬರಲ್ಲ."

"ರುಚಿಗೆ ಒಂಚೂರು ಉಪ್ಪು ಹಾಕ್ದೆ ಮೇಡಂ."

"ಅಣ್ಣಾ, ನೀವು ಹಾಕೋ ಉಪ್ಪಿನ ಮೂಟೇಲಿ ಅನ್ನ ಎಲ್ಲಿದೆ ಅಂತ ಹುಡುಕ್ಬೇಕು," ಎಂದಳು ಟೈಲರಮ್ಮ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯನ್ನು ಹೊಳೆಯೇ ತಂದಿತು. ಮೂರು ದಿನದ ಮಳೆಗೆ ನೀರು ಏರಿಯ ಕುತ್ತಿಗೆಗೆ ಬಂದಿತ್ತು. ಮಧ್ಯಾಹ್ನದೊಳಗೆ ನಂಬುವಂಥ ವರದಿ ಬರಬೇಕು, ಇಲ್ಲದಿದ್ದರೆ ಓಣಿ ಖಾಲಿ ಮಾಡುವ ಆರ್ಡರು ಹೊರಡುತ್ತದೆ ಎಂದು ಎಂಜಿನಿಯರಮ್ಮನ ಫೋನು ಬಂತು. ನಾನು ಏರಿಯ ನೆತ್ತಿಯ ಮೇಲೆ, ಟೈಲರಮ್ಮ ಇಳಿಜಾರಿನಲ್ಲಿ, ಭಾವಮೈದ ಬುಡದಲ್ಲಿ, ಸಾಲು ತಪ್ಪದೆ ಹೊರಟೆವು.

ಹದಿನಾಲ್ಕನೇ ಕಂಬದ ಹತ್ತಿರ ಭಾವಮೈದ ನಿಂತುಬಿಟ್ಟ. ಹುಲ್ಲಿನ ನಡುವಿನ ಕೊಚ್ಚೆಯಲ್ಲಿ ಸಾಸಿವೆಯಷ್ಟು ಗುಳ್ಳೆ. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ನೀರಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆಗಾಗಿ ಇಪ್ಪತ್ತು ವರ್ಷ ಕಾದ ಕಣ್ಣು ಅದು. ಹುಲ್ಲು ಸರಿಸಿದರೆ ಒರತೆ. ನೀರು ಹಾಲು ಹಾಕಿದ ಚಹಾದ ಬಣ್ಣ.

ಅವನ ಹೆಬ್ಬೆರಳು ಎದ್ದಿತು. ಸರಿಯಾಗಿ ಅವನ ಬೆನ್ನ ಹಿಂದೆ ಅವನದೇ ಮನೆಯ ಹೆಂಚು ಕಾಣುತ್ತಿತ್ತು.

"ರೀ," ಎಂದಳು ಟೈಲರಮ್ಮ ಮೆಲ್ಲಗೆ.

"ಗೊತ್ತು ಕಣೇ." ಎರಡೂ ಕೈಯನ್ನು ಕಂಕುಳಲ್ಲಿ ಅದುಮಿಕೊಂಡ. "ಭಾವ, ಬೇಗ ಫೋನ್ ಮಾಡಿ. ಈ ಕೈ ಜಾಸ್ತಿ ಹೊತ್ತು ನನ್ ಮಾತು ಕೇಳಲ್ಲ."

ಟೈಲರಮ್ಮ ಟೇಪು ಹಿಡಿದಳು. ನನಗೆ ಸಿಗ್ನಲ್ ಸಿಗಲು ಐದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಅವಳು ಮತ್ತೊಮ್ಮೆ ಅಳೆದಳು. ನನ್ನ ನಾಲಿಗೆಯ ತುದಿಯಲ್ಲಿ ಆನೆ, ಪಾತಾಳ, ಜ್ವಾಲಾಮುಖಿ ಮೂರೂ ಸಾಲಾಗಿ ನಿಂತಿದ್ದವು. ಒಂದೊಂದನ್ನೇ ನುಂಗಿದೆ. ಆನೆ ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಿತು.

"ಕಂಬ ಹದಿನಾಲ್ಕು, ಬುಡದಲ್ಲಿ ಒರತೆ. ಅಗಲ ಆರು ಇಂಚು. ಐದು ನಿಮಿಷದ ಹಿಂದೆ ಐದು ಇತ್ತು. ನೀರು ಕೆಸರು."

ಆ ಕಡೆ ಎಂಜಿನಿಯರಮ್ಮನಿಗೆ ದನಿಯ ಗುರುತೇ ಸಿಗಲಿಲ್ಲ.

"ಯಾರು ಮಾತಾಡ್ತಿರೋದು?"

"ಬುರುಡೆ, ಮೇಡಂ."

"ಇನ್ನೇನಾದ್ರೂ ಇದೆಯಾ?"

"ಇಲ್ಲ. ಇಷ್ಟೇ."

"ಅಯ್ಯೋ ದೇವರೇ, ಹಾಗಾದ್ರೆ ನಿಜ. ಹೊರಟೆ."

ಕಾಲು ಗಂಟೆಯಲ್ಲಿ ಮರಳು ಚೀಲದ ಲಾರಿ ಬಂತು. ಓಣಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸಿದರು. ಬಳೆ ಮೊಣಕಾಲೆತ್ತರವಾಯಿತು, ತೊಡೆಯೆತ್ತರವಾಯಿತು. ಒಳಗೆ ನೀರು ಏರಿತು. ಚಹಾ ತೆಳುವಾಯಿತು, ಇನ್ನೂ ತೆಳುವಾಯಿತು. ಕೊನೆಗೆ ಎಂಜಿನಿಯರಮ್ಮ ತಲೆಯಾಡಿಸಿದ ಮೇಲೆ ಭಾವಮೈದ ನೀರಿಗೆ ಕೈ ಇಳಿಸಿದ. ಮೊಣಕೈ ಮುಳುಗಿದರೂ ಅವನ ಉಗುರಿನ ಕೊಳೆ ಸಹಿತ ಕಾಣುತ್ತಿತ್ತು.

"ತಿಳಿ!" ಎಂದು ಕಿರುಚಿದ. "ಭಾವ, ತಿಳಿ ನೀರು!"

ಅರವತ್ತು ಮನೆಯೂ ಒಟ್ಟಿಗೆ ಕೂಗಿತು. ಆ ಕೂಗಿಗೆ ಹೊಳೆ ಬೆಚ್ಚಿ ಎರಡು ಇಂಚು ಇಳಿಯಿತು. ನಾನೇ ಕಣ್ಣಾರೆ ಕಂಡೆ.

"ಪಾಸು, ಮೂರೂ ಜನ," ಎಂದರು ಎಂಜಿನಿಯರಮ್ಮ. ಆರ್ಡರನ್ನು ಜೇಬಿನಿಂದ ತೆಗೆದು ಅಡ್ಡಡ್ಡ ಹರಿದರು. "ಮುಂದಿನ ವಾರದಿಂದ ಹೊಸ ತಂಡಕ್ಕೆ ನೀವೇ ಪಾಠ ಹೇಳಿ."

ಟೈಲರಮ್ಮ ಅದನ್ನು ನಿಂತು ಕೇಳಲಿಲ್ಲ. ನಾವು ಮನೆ ಬಾಗಿಲಿಗೆ ಬರುವಷ್ಟರಲ್ಲಿ, ಶೆಡ್ಡಿಗೆಂದು ಗೋಣಿ ಸುತ್ತಿ ಕಟ್ಟಿಟ್ಟಿದ್ದ ಹೊಲಿಗೆ ಮಿಶಿನ್ನು ಕಿಟಕಿಯ ಪಕ್ಕ ತನ್ನ ಜಾಗದಲ್ಲಿ ಕೂತು, ಯಾರದೋ ರವಿಕೆಯ ಮೇಲೆ ಟರ್ರನೆ ಓಡುತ್ತಿತ್ತು.